ಮಸಿಬಟ್ಟೆ ಹೊದ್ದ ಕ್ಯಾಮೆರಾ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಮಲ್ಲೇಶ್ವರದ ಹಳೆಯ ಮನೆಯಲ್ಲಿ ಒಬ್ಬರೇ ಇರುವ 76ರ ತಾಯಿ ಬಚ್ಚಲಮನೆಯಲ್ಲಿ ಜಾರಿ ಬಿದ್ದು, ಕೆಲಸದಾಕೆ ಬರುವವರೆಗೆ ಎರಡು ಗಂಟೆ ಏಳಲಾಗದೆ ಬಿದ್ದಿದ್ದರು. ಅಮೆರಿಕದಲ್ಲಿರುವ ಮಗ ಹೆದರಿ ಮನೆಯೊಳಗೆ ಮೂರು ಕ್ಯಾಮೆರಾ ಹಾಕಿಸಿದ. ತಾಯಿ ಅಡುಗೆಮನೆಯ ಕ್ಯಾಮೆರಾಕ್ಕೆ ಮಸಿಬಟ್ಟೆ ಹೊದಿಸಿ, ‘ಇದನ್ನು ತೆಗೆಸು, ಇಲ್ಲವೇ ನನ್ನನ್ನು ವೃದ್ಧಾಶ್ರಮಕ್ಕೆ ಸೇರಿಸು’ ಎಂದಿದ್ದಾರೆ. ಅಣ್ಣನ ಭಯ, ಅಮ್ಮನ ಹಟ ಎರಡರ ನಡುವೆ ಸಿಕ್ಕಿರುವ ವೈಟ್‌ಫೀಲ್ಡ್‌ನ ಮಗಳು ‘ಏನು ಮಾಡಲಿ?’ ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನೋಡಮ್ಮಾ, ನನಗೆ 78. ಮೊದಲೇ ಹೇಳಿಬಿಡುತ್ತೇನೆ, ನಾನು ನಿನ್ನ ಅಮ್ಮನ ಪಕ್ಷ. ನನ್ನ ಮಗನೂ ಹಜಾರದಲ್ಲಿ ಇಂಥದ್ದೊಂದು ಕಣ್ಣು ನೆಟ್ಟಿದ್ದ. ಸಿಂಗಪುರದಿಂದ ಫೋನ್ ಮಾಡಿ ‘ಅಮ್ಮ, ಇದು ಮೂರನೆಯ ಕಾಫಿ ಅಲ್ಲವೇ?’ ಎನ್ನುತ್ತಿದ್ದ. ಸೆಖೆಗೆ ಸೆರಗು ಸರಿಸಿ ಫ್ಯಾನಿನ ಕೆಳಗೆ ಕೂರುವಂತಿಲ್ಲ, ಯಜಮಾನರ ಫೋಟೋ ಮುಂದೆ ನಿಂತು ಎರಡು ಮಾತು ಬೈಯುವಂತಿಲ್ಲ. ಒಂದು ದಿನ ಕುರ್ಚಿ ಹತ್ತಿ ಅದರ ವೈರು ಕಿತ್ತೆ. ಆ ಕುರ್ಚಿಯಿಂದ ಬಿದ್ದಿದ್ದರೆ ಸೊಂಟ ಮುರಿಯುತ್ತಿತ್ತು, ಅದು ಬೇರೆ ಮಾತು.

ಆಮೇಲೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ ಅದರ ಚಿತ್ರ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇನೆ. ಏಳೂವರೆಯೊಳಗೆ ರಂಗೋಲಿ ಬರಲಿಲ್ಲವೆಂದರೆ ಮಗಳು ಫೋನ್ ಮಾಡುತ್ತಾಳೆ. ನಾನು ಎತ್ತದಿದ್ದರೆ ಎದುರು ಮನೆಯವರು ಬಂದು ಬಾಗಿಲು ತೆಗೆಯುತ್ತಾರೆ. ಇನ್ನೊಂದು ಬೀಗದ ಕೈ ಅವರ ಹತ್ತಿರವಿದೆ. ಎರಡು ವರ್ಷದಲ್ಲಿ ಒಂದೇ ಸಲ ಬಂದರು. ಫೋನಿನ ಚಾರ್ಜ್ ಮುಗಿದಿತ್ತು, ನಾನು ದೋಸೆ ಹುಯ್ಯುತ್ತಿದ್ದೆ. ಕಿತ್ತ ಕ್ಯಾಮೆರಾವನ್ನು ಈಗ ಹೊರಬಾಗಿಲಿಗೆ ಹಾಕಿಸಿದ್ದೇನೆ. ಬೆಲ್ ಒತ್ತಿದವರು ಯಾರೆಂದು ನಾನು ಒಳಗೆ ಕುಳಿತು ಫೋನಿನಲ್ಲಿ ನೋಡುತ್ತೇನೆ. ನೋಡುವವಳು ನಾನಾದ ಮೇಲೆ ಅದರ ಮೇಲೆ ನನಗೇನೂ ಸಿಟ್ಟಿಲ್ಲ.
— ಅಜ್ಜಿಯೊಬ್ಬರು, ಬಸವನಗುಡಿ

ನಿಮ್ಮ ತಾಯಿಯವರು ಬಿದ್ದದ್ದು ಬಚ್ಚಲಮನೆಯಲ್ಲಿ. ಕ್ಯಾಮೆರಾ ಇರುವುದು ಹಜಾರ, ಅಡುಗೆಮನೆಗಳಲ್ಲಿ. ಇದನ್ನು ನಿಮ್ಮ ಅಣ್ಣನಿಗೆ ಯಾರೂ ಹೇಳಲಿಲ್ಲವೇ?

ನನ್ನ ತಾಯಿಗೆ ನಾನು ಮೊದಲು ತಂದುಕೊಟ್ಟದ್ದು ಬಿದ್ದರೆ ತಾನೇ ಕರೆ ಮಾಡುವ ಕೈಗಡಿಯಾರ. ಒಳ್ಳೆಯ ವಸ್ತುವೇ, ಆದರೆ ದಿನವೂ ಚಾರ್ಜ್ ಮಾಡಬೇಕು. ಅಮ್ಮ ಸ್ನಾನಕ್ಕೆ ಹೋಗುವಾಗ ಅದನ್ನು ಬಿಚ್ಚಿಡುತ್ತಿದ್ದರು, ಮಡಿ ಉಟ್ಟ ಮೇಲೆ ಮುಟ್ಟುತ್ತಿರಲಿಲ್ಲ. ಕೊರಳಿಗೆ ಹಾಕುವ ತುರ್ತು ಗುಂಡಿ ಮೊಳೆಗೆ ನೇತುಬಿದ್ದಿತು. ಕೊನೆಗೆ ಕೆಲಸಕ್ಕೆ ಬಂದದ್ದು ಕೆಲವು ನೂರು ರೂಪಾಯಿಯ ವೈರಿಲ್ಲದ ಕರೆಗಂಟೆ. ನೀರು ತಾಗಿದರೂ ಕೆಡದ ಗುಂಡಿಯನ್ನು ಬಚ್ಚಲಮನೆಯ ಗೋಡೆಗೆ ಅಂಟಿಸಿ, ಗಂಟೆಯನ್ನು ಕೆಳಗಿನ ಬಾಡಿಗೆದಾರರ ಮನೆಯಲ್ಲಿ ಇಟ್ಟೆವು. ಗುಂಡಿ ನೆಲದಿಂದ ಒಂದಡಿ ಎತ್ತರದಲ್ಲಿರಲಿ. ನಾನು ಮೊದಲು ನಿಂತವರ ಕೈಗೆ ಸಿಗುವಂತೆ ಹಾಕಿದ್ದೆ. ‘ಬಿದ್ದವಳು ಎದ್ದು ನಿಂತು ಒತ್ತಲೇ?’ ಎಂದು ಅಮ್ಮನೇ ನಕ್ಕರು. ಬ್ಯಾಟರಿ ಸತ್ತಿದೆಯೋ ಎಂದು ಪ್ರತಿ ಸಂಕಷ್ಟಿಗೆ ಒಮ್ಮೆ ಒತ್ತಿ ನೋಡುತ್ತೇವೆ, ಆ ದಿನ ಮರೆಯುವುದಿಲ್ಲ.

ಜೊತೆಗೆ ಹಿಡಿಕೆ, ಜಾರದ ಮ್ಯಾಟು, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ, ರಾತ್ರಿ ಕಾಲಿಟ್ಟೊಡನೆ ಹೊತ್ತುವ ಸೆನ್ಸರ್ ದೀಪ. ಇವಕ್ಕೆ ಇಂಟರ್ನೆಟ್ ಬೇಡ. ಕರೆಂಟ್ ಹೋದರೆ ವೈಫೈ ರೂಟರ್ ಆರಿಹೋಗುತ್ತದೆ, ಅದರೊಂದಿಗೆ ನಿಮ್ಮ ಅಣ್ಣನ ಮೂರೂ ಕ್ಯಾಮೆರಾಗಳು ಕುರುಡಾಗುತ್ತವೆ. ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಒಂದನ್ನು ಹಾಕಿಸಿ.
— ಎಲೆಕ್ಟ್ರಾನಿಕ್ಸ್ ಕೆಲಸದವನು, ರಾಜಾಜಿನಗರ

ಅಮ್ಮ ಬಿದ್ದದ್ದು ಅಮೆರಿಕದಲ್ಲಿ ಕಂಡರೆ ಅಣ್ಣ ಏನು ಮಾಡುತ್ತಾರೆ? ನಿಮಗೆ ಫೋನ್ ಮಾಡುತ್ತಾರೆ. ನೀವು ನೇರಳೆ ಮಾರ್ಗದ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಮಲ್ಲೇಶ್ವರ ಮುಟ್ಟುವುದು ಯಾವಾಗ? ಪಕ್ಕದ ಮನೆಯವರ ನಂಬರು ನಿಮ್ಮಿಬ್ಬರ ಬಳಿಯೂ ಇದೆಯೇ, ಅದನ್ನು ಮೊದಲು ನೋಡಿ.
— ಓದುಗ, ಯಶವಂತಪುರ

ಕ್ಯಾಮೆರಾವನ್ನು ಎಲ್ಲರೂ ಬೈಯುತ್ತೀರಿ ಎಂದು ಗೊತ್ತು. ನಮ್ಮ ತಂದೆಗೆ ಮರೆವಿನ ಕಾಯಿಲೆ. ಒಂದು ನಸುಕಿನಲ್ಲಿ ನಾಲ್ಕು ಗಂಟೆಗೆ ಎದ್ದು, ಇಪ್ಪತ್ತು ವರ್ಷದ ಹಿಂದೆ ಮುಚ್ಚಿದ ತಮ್ಮ ಅಂಗಡಿಯ ಬಾಗಿಲು ತೆಗೆಯಲು ಕೆ.ಆರ್. ಮಾರುಕಟ್ಟೆಯ ಕಡೆ ನಡೆದರು. ಸಿರ್ಸಿ ವೃತ್ತದ ಬಳಿ ಹೂವಿನ ವ್ಯಾಪಾರಿಯೊಬ್ಬರು ಕೂರಿಸಿಕೊಂಡು ಟೀ ಕೊಡಿಸಿದ್ದರಿಂದ ಸಿಕ್ಕಿದರು. ಅಂದಿನಿಂದ ಬಾಗಿಲಿಗೆ ಸೆನ್ಸರ್ ಇದೆ, ತೆರೆದರೆ ನನ್ನ ಹಾಸಿಗೆಯ ಪಕ್ಕದ ಫೋನ್ ಕೂಗುತ್ತದೆ. ಹಜಾರಕ್ಕೆ ಕ್ಯಾಮೆರಾ ಇದೆ. ಅಂಗಿಯ ಜೇಬಿನಲ್ಲಿ ನಮ್ಮ ಮೊಬೈಲ್ ನಂಬರಿನ ಚೀಟಿ ಇದೆ. ಅಪ್ಪನ ಅನುಮತಿ ಕೇಳುವ ಕಾಲ ಮೀರಿತ್ತು. ನಿಮ್ಮ ತಾಯಿಗೆ ಮಸಿಬಟ್ಟೆ ಹೊದಿಸುವಷ್ಟು ಬುದ್ಧಿ ಚುರುಕಾಗಿದೆ. ಮುಂದೆ ಏನಾದರೂ ಆದರೆ ಏನೇನು ಹಾಕಿಸಬಹುದು, ಏನು ಕೂಡದು ಎಂದು ಅವರನ್ನೇ ಈಗ ಕೇಳಿಟ್ಟುಕೊಳ್ಳಿ. ನಾವು ಕೇಳಲಿಲ್ಲ.
— ಮಗಳು, ವಿಜಯನಗರ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಒಂಟಿ ಹಿರಿಯರಿಗೆ ಬಚ್ಚಲಮನೆಯಷ್ಟೇ ಜಾರುವ ಜಾಗ ಮೊಬೈಲ್. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ, ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಇವೆರಡನ್ನು ಅಮ್ಮನ ಬಾಯಿಯಿಂದಲೇ ಹೇಳಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನೂ 112, 108 ಮತ್ತು ಹಿರಿಯರ ಸಹಾಯವಾಣಿ 14567ನ್ನೂ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ.

ಮೊಬೈಲನ್ನು ದೂರುತ್ತಲೇ ಒಂದು ಉಪಕಾರವನ್ನೂ ಹೇಳಬೇಕು. ಅವರಿಗೆ ಪಿಂಚಣಿ ಇದ್ದರೆ ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿಸಬೇಡಿ. 2014ರಲ್ಲಿ ಆರಂಭವಾದ ಸರ್ಕಾರದ ಆನ್‌ಲೈನ್ ಸೌಲಭ್ಯ ಜೀವನ್ ಪ್ರಮಾಣ್‌ನಲ್ಲಿ ಈಗ ಫೋನಿಗೆ ಮುಖ ತೋರಿಸಿದರೂ ಆಗುತ್ತದೆ. ಸವೆದ ಬೆರಳಚ್ಚು ಮೂಡದೆ ಕೌಂಟರಿನ ಮುಂದೆ ಕಣ್ಣೀರು ಹಾಕಿದ ಎಷ್ಟೋ ಹಿರಿಯರನ್ನು ನಾನು ಕಂಡಿದ್ದೇನೆ.
— ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ

ನಾನೂ ಮಲ್ಲೇಶ್ವರದವಳೇ. ನಮ್ಮ ರಸ್ತೆಯ ನಾಲ್ಕು ಮನೆಗಳ ಬೀಗದ ಕೈಗಳು ನನ್ನ ಅಡುಗೆಮನೆಯ ಮೊಳೆಯಲ್ಲಿವೆ. ಕೇಳಲು ಸಂಕೋಚಪಡಬೇಡಿ, ಕೇಳಿದರೆ ಯಾರೂ ಒಲ್ಲೆ ಎನ್ನುವುದಿಲ್ಲ. ಆದರೆ ಬೀಗದ ಕೈಗೆ ಮನೆ ನಂಬರಿನ ಚೀಟಿ ಕಟ್ಟಿ ಕೊಡಿ. ಹೋದ ವರ್ಷ ಗಾಬರಿಯಲ್ಲಿ ಬೇರೆ ಮನೆಯ ಕೈ ಹಿಡಿದು ಓಡಿ, ಬಾಗಿಲ ಮುಂದೆ ನಿಂತು ತಡಕಾಡಿದ್ದೆ.
— ಎದುರು ಮನೆಯವಳು, ಮಲ್ಲೇಶ್ವರ