ಸಹಾಯ ಬೇಕು: ಕುಗ್ಗಿದ ಜೀವಕೋಶ ಮತ್ತೆ ಊದುವಾಗ ಪಿಎಚ್ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಮಕ್ಕಳಿಗೆ ಶರೀರಕ್ರಿಯೆ ಪಾಠ ಮಾಡುತ್ತೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಹೊರಗೆ ಉಪ್ಪು ಜಾಸ್ತಿಯಾದರೆ ನೀರು ಹೊರಹೋಗಿ ಜೀವಕೋಶ ಕುಗ್ಗುತ್ತದೆ. ಆಗ ಪೊರೆಯಲ್ಲಿರುವ ಎನ್‌ಎಚ್‌ಇ1 ಪ್ರೋಟೀನ್ ಚುರುಕಾಗುತ್ತದೆ. ಒಂದು ಸೋಡಿಯಂ ಒಳಗೆ, ಒಂದು ಹೈಡ್ರೋಜನ್ ಅಯಾನು ಹೊರಗೆ. ಇಷ್ಟೇ ಆದರೆ ಆಮ್ಲ ಕಡಿಮೆಯಾಗಿ ಒಳಗಿನ ಪಿಎಚ್ ಏರಬೇಕು, ಅಲ್ವಾ? ಆದರೆ ಪಕ್ಕದಲ್ಲೇ ಎಇ2 ಪ್ರೋಟೀನ್ ಕ್ಷಾರವಾದ ಬೈಕಾರ್ಬೊನೇಟನ್ನು ಹೊರಹಾಕಿ ಕ್ಲೋರೈಡ್ ತರುತ್ತದೆ. ಹಾಗಾಗಿ ಪಿಎಚ್ ಸುಮಾರು 7.2ರ ಹತ್ತಿರವೇ ಉಳಿಯುತ್ತದೆ. ಒಳಗೆ ಸೇರಿದ್ದು ಬರೀ ಉಪ್ಪು. ಅದರ ಹಿಂದೆ ನೀರು. ಎಷ್ಟು ಚೆಂದದ ಜೋಡಿ! ಇಲ್ಲಿಯವರೆಗೆ ಮಕ್ಕಳಿಗೂ ಅರ್ಥವಾಯಿತು.

ಆದರೆ ಒಬ್ಬ ಹುಡುಗಿ ಕೇಳಿದಳು: "ಕುಗ್ಗದೇ ಇರುವ ಕೋಶದಲ್ಲಿ ಆಮ್ಲ ಜಾಸ್ತಿಯಾದಾಗಲೂ ಎನ್‌ಎಚ್‌ಇ1 ಓಡುತ್ತದಲ್ಲ ಮೇಡಂ, ಆಗ ಸೋಡಿಯಂ ಸೇರಿ ಕೋಶ ಊದುವುದಿಲ್ಲವೇ?" ಸೋಡಿಯಂ-ಪೊಟ್ಯಾಸಿಯಂ ಪಂಪ್ 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ತರುತ್ತದೆ, ಅದು ಸರಿದೂಗಿಸುತ್ತದೆ ಎಂದೆ. ನನಗೇ ಅದು ಅರ್ಧ ಉತ್ತರ ಅನ್ನಿಸಿತು. ರಕ್ತ ನಿಂತು ಮತ್ತೆ ಹರಿದಾಗ ಹೃದಯದ ಕೋಶಗಳು ಊದುವುದಕ್ಕೂ ಹೀಗೆ ಸೋಡಿಯಂ ಸೇರುವುದಕ್ಕೂ ನಂಟಿದೆಯಲ್ಲ.

ಆಮ್ಲ ಜಾಸ್ತಿಯಾದಾಗ ಎಇ2 ಸುಮ್ನೆ ಇರುತ್ತದೆಯೇ? ಊದಿದರೆ ಪೊಟ್ಯಾಸಿಯಂ, ಕ್ಲೋರೈಡ್ ಯಾವ ದಾರಿಯಲ್ಲಿ ಹೊರಹೋಗುತ್ತವೆ? ಬಲ್ಲವರು ಸರಳವಾಗಿ ಬಿಡಿಸಿ ಹೇಳಿ. ಕೈಯಲ್ಲಿ ಬರೆದ ಚಿತ್ರ ಕಳಿಸಿದರೂ ಸಾಕು. ಸೋಮವಾರ ಆ ಹುಡುಗಿಗೆ ಪೂರ್ತಿ ಉತ್ತರ ಕೊಡಬೇಕು.