ಕಾರ್ಬನ್ ಕ್ರೆಡಿಟ್ ಹಣದಲ್ಲಿ ಕೋಕೋ: ಮಳೆಕಾಡಿಗೆ ದಕ್ಕುವುದೆಷ್ಟು?

ಬೀಜದಬುಟ್ಟಿ: ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ ಮಳೆಕಾಡು ಕಡಿದು ದನ ಮೇಯಿಸಿ, ಕೊನೆಗೆ ಹುಲ್ಲೂ ನೆಟ್ಟಗೆ ಬಾರದಂತಾದ ಜಮೀನು ಬೇಕಾದಷ್ಟಿದೆ. ಕೆಲವು ಯೋಜನೆಗಳ ಆಲೋಚನೆ ಹೀಗಿದೆ: ಅಲ್ಲಿ ಮೊದಲು ಬಾಳೆ, ಅದರ ನೆರಳಿನಲ್ಲಿ ಕೋಕೋ, ಎಲ್ಲಕ್ಕೂ ಮೇಲೆ ಮಹಾಗನಿಯಂಥ ಕಾಡುಮರ ಬೆಳೆಸುವುದು. ಮರಗಳು ಹಿಡಿದಿಟ್ಟ ಇಂಗಾಲವನ್ನು, ತಾವು ಉಗುಳಿದ ಇಂಗಾಲಕ್ಕೆ ಲೆಕ್ಕ ಸರಿದೂಗಿಸಬಯಸುವ ಕಂಪನಿಗಳಿಗೆ ಕ್ರೆಡಿಟ್ ರೂಪದಲ್ಲಿ ಮಾರಿ ಖರ್ಚು ತೂಗಿಸುವುದು. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ಕೋಕೋ ಅಮೆಜಾನ್‌ನದೇ ಗಿಡ, ದೊಡ್ಡ ಮರಗಳ ಅಡಿಯಲ್ಲಿ ಬೆಳೆದು ಬಂದದ್ದು. ರೈತನಿಗೆ ಆದಾಯ, ನೆಲಕ್ಕೆ ನೆರಳು. ನನಗಂತೂ ಇದು ಒಳ್ಳೆಯ ದಾರಿ ಎನಿಸುತ್ತದೆ. ಆಕ್ಷೇಪವಿದ್ದವರು ಹೇಳಿ.

ಅಡ್ಡಮಾತು: ಪಶ್ಚಿಮ ಆಫ್ರಿಕಾವನ್ನು ಮರೆತುಬಿಟ್ಟಿರಾ? ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಐವರಿ ಕೋಸ್ಟ್ ಮತ್ತು ಘಾನಾದಿಂದ. ಐವರಿ ಕೋಸ್ಟ್ 1960ರಲ್ಲಿ ಸ್ವತಂತ್ರವಾದ ಮೇಲೆ ತನ್ನ ಕಾಡಿನ ಬಹುಪಾಲನ್ನು ಕಳೆದುಕೊಂಡಿತು, ಅದರಲ್ಲಿ ಕೋಕೋದ ಪಾಲು ದೊಡ್ಡದು. ಕಾಡು ನುಂಗಿದ ಬೆಳೆಗೇ ಈಗ ಕಾಡು ಕಟ್ಟುವ ಗುತ್ತಿಗೆ ಕೊಡುತ್ತಿದ್ದೀರಿ.

ನೆರಳು: ಅಡ್ಡಮಾತು ಅವರೇ, ಅಲ್ಲಿ ಕಾಡು ಕಡಿದು ಕೋಕೋ ಇಟ್ಟರು, ಇಲ್ಲಿ ಬೋಳಾದ ಹುಲ್ಲುಗಾವಲಿನಲ್ಲಿ ಇಡುತ್ತಿದ್ದಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕಾರ್ಬನ್ ಕ್ರೆಡಿಟ್‌ಗಳನ್ನು ಪ್ರಮಾಣೀಕರಿಸುವ ವೆರಾ ಸಂಸ್ಥೆಯ ನಿಯಮವೂ ಈ ವ್ಯತ್ಯಾಸವನ್ನು ಗುರುತಿಸುತ್ತದೆ: ಯೋಜನೆ ಶುರುವಾಗುವ ಹಿಂದಿನ 10 ವರ್ಷಗಳಲ್ಲಿ ಆ ಜಾಗದ ಸಹಜ ಕಾಡನ್ನು ಕಡಿದಿದ್ದರೆ ಗಿಡ ನೆಟ್ಟದ್ದಕ್ಕೆ ಕ್ರೆಡಿಟ್ ಇಲ್ಲ. ಯುರೋಪ್ ಒಕ್ಕೂಟದ 2023ರ ಕಾನೂನಿನಲ್ಲೂ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕೋಕೋಗೆ ಪ್ರವೇಶವಿಲ್ಲ.

ಅಡ್ಡಮಾತು: ಆ ಕಾನೂನಿನ ಜಾರಿಯನ್ನು ಮುಂದೂಡಿದ್ದನ್ನೂ ಹೇಳಬೇಕಿತ್ತು. ಇನ್ನು ವೆರಾ! 2023ರ ಜನವರಿಯಲ್ಲಿ ಗಾರ್ಡಿಯನ್ ಪತ್ರಿಕೆ, ಅದೇ ಸಂಸ್ಥೆ ಪ್ರಮಾಣೀಕರಿಸಿದ ಮಳೆಕಾಡಿನ ಕ್ರೆಡಿಟ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಪೊಳ್ಳಾಗಿರಬಹುದು ಎಂದು ಬರೆಯಿತು. ವೆರಾ ಅದನ್ನು ಒಪ್ಪಲಿಲ್ಲ, ಒಪ್ಪುವುದೂ ಇಲ್ಲ ಬಿಡಿ.

ಲೆಕ್ಕಿಗ: ಆ ವರದಿ ಇದ್ದದ್ದು ಕಡಿಯದೆ ಉಳಿಸಿದ ಕಾಡಿನ ಕ್ರೆಡಿಟ್ ಬಗ್ಗೆ. ‘ನಾವಿಲ್ಲದಿದ್ದರೆ ಇಷ್ಟು ಕಾಡು ಹೋಗುತ್ತಿತ್ತು’ ಎಂಬ ಊಹೆಯ ಮೇಲೆ ನಿಂತ ಲೆಕ್ಕ ಅದು. ನೆಟ್ಟ ಮರದ ಸುತ್ತಳತೆಯನ್ನಾದರೂ ಟೇಪು ಹಿಡಿದು ನೋಡಬಹುದು. ಆದರೆ ನೆಡುವ ಯೋಜನೆಗೂ ಒಂದು ಊಹೆಯ ಕಾಲಿದೆ: ನೆಡದಿದ್ದರೆ ಆ ಜಾಗ ಏನಾಗುತ್ತಿತ್ತು? 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ತಾನಾಗಿ ಮರಳಿದ ಕಾಡು ಮೊದಲ 20 ವರ್ಷಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 3 ಟನ್ ಇಂಗಾಲ ಹಿಡಿಯುತ್ತದೆ. ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 11 ಟನ್. ಸಸಿಯ ಖರ್ಚಿಲ್ಲ, ಗುಂಡಿ ತೋಡುವ ಕೂಲಿಯಿಲ್ಲ. ಹತ್ತಿರದಲ್ಲಿ ಬೀಜ ಉದುರಿಸುವ ಕಾಡು ಉಳಿದಿದ್ದರೆ ಬೇಲಿ ಹಾಕಿ ಬೆಂಕಿ ತಡೆದರೆ ಸಾಕು. ಅಂಥ ಕಡೆ ಕೋಕೋ ನೆಟ್ಟು ‘ಕಾಡು ಮರಳಿಸಿದೆವು’ ಎನ್ನುವವರನ್ನು ನಾನು ನಂಬುವುದಿಲ್ಲ.

ಬೀಜದಬುಟ್ಟಿ: ಬೇಲಿ ಹಾಕಿ 20 ವರ್ಷ ಕಾಯುವ ರೈತ ಅಷ್ಟರವರೆಗೆ ಊಟಕ್ಕೇನು ಮಾಡಬೇಕು? ಅದೇ ಪಾರಾ ರಾಜ್ಯದ ತೊಮೆ ಆಸುವನ್ನು ನೋಡಿ. 1929ರಿಂದ ಜಪಾನಿನ ವಲಸಿಗರು ನೆಲೆಸಿದ ಊರು ಅದು. ಕರಿಮೆಣಸೊಂದನ್ನೇ ನಂಬಿ ಮೆರೆದರು, ಫ್ಯುಸೇರಿಯಂ ಶಿಲೀಂಧ್ರ ಬಂದು ಬಳ್ಳಿಗಳು ಒಣಗಿ ಹೋದವು. ಆಮೇಲೆ ನದಿ ದಡದ ನಿವಾಸಿಗಳ ಹಿತ್ತಲು ನೋಡಿ ಕೋಕೋ, ಅಸಾಯಿ ಮತ್ತು ಕುಪುವಾಸು ಎಂಬ ಅಲ್ಲಿನ ಹಣ್ಣಿನ ಮರಗಳು, ಮರಮುಟ್ಟಿನ ಮರ ಎಲ್ಲವನ್ನೂ ಒಟ್ಟಿಗೆ ಬೆಳೆದರು. ಇಂದಿಗೂ ಬದುಕುತ್ತಿದ್ದಾರೆ.

ಅಡ್ಡಮಾತು: ಚೆನ್ನಾಗಿ ಹೇಳಿದಿರಿ. ಅವರು ಅದನ್ನು ಕಟ್ಟಿದಾಗ ಯಾವ ಕಾರ್ಬನ್ ಕ್ರೆಡಿಟ್ ಇತ್ತು? ಬೆಳೆಯೇ ಲಾಭ ತರುವುದಾದರೆ ಕ್ರೆಡಿಟ್ ಏಕೆ? ಕ್ರೆಡಿಟ್ ಇಲ್ಲದೆ ಆಗದು ಎನ್ನುವುದಾದರೆ, ಆ ಹಣ ನಿಂತ ದಿನ ತೋಟದ ಗತಿಯೇನು?

ಲೆಕ್ಕಿಗ: ಇದಕ್ಕೆ ಸುಲಭದ ಉತ್ತರವಿಲ್ಲ. ಕೋಕೋ ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಬೇಕು, ಖರ್ಚೆಲ್ಲ ಅಷ್ಟರೊಳಗೆ. ಕ್ರೆಡಿಟ್ ಆದರೋ ಮರ ಬೆಳೆದು, ಅಳತೆಯಾಗಿ, ತಪಾಸಣೆ ಮುಗಿದ ಮೇಲೆ ಕೈಗೆ ಬರುತ್ತದೆ. ಹಣ ಬೇಕಾದಾಗ ಇಲ್ಲ, ಬಂದಾಗ ಕೋಕೋ ಕಾಯಿ ಬಿಟ್ಟಿರುತ್ತದೆ. ಹಾಗಾಗಿ ಮುಂಗಡ ಕೊಡುವವನು ಬೇಕು. ಅವನು ಕೊಟ್ಟ ಮೇಲೆ ಕ್ರೆಡಿಟ್‌ನಲ್ಲಿ ದೊಡ್ಡ ಪಾಲು ಕೇಳದೆ ಇರುತ್ತಾನೆಯೇ?

ನೆರಳು: ಎಲ್ಲರೂ ಕೋಕೋದ ಸುತ್ತಲೇ ತಿರುಗುತ್ತಿದ್ದೀರಿ. ಇಂಗಾಲ ಹೆಚ್ಚಾಗಿ ಇರುವುದು ಮೇಲಿನ ದೊಡ್ಡ ಮರಗಳಲ್ಲಿ, ಕೋಕೋದಲ್ಲಲ್ಲ. ಅಪಾಯವಿರುವುದೂ ಆ ಮರಗಳಿಗೇ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ವಾಯಿದಾ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 12,000 ಡಾಲರ್ ದಾಟಿತು, ಮರುವರ್ಷವೇ ಅದರ ಅರ್ಧಕ್ಕೆ ಇಳಿಯಿತು. ಬೆಲೆ ಏರಿದಾಗ ಇನ್ನಷ್ಟು ಬಿಸಿಲು, ಇನ್ನಷ್ಟು ಇಳುವರಿ ಎಂದು ನೆರಳುಮರಕ್ಕೆ ಗರಗಸ ಇಡುತ್ತಾರೆ. ಬೆಲೆ ಇಳಿದರೆ ಮರ ಉಳಿಯುತ್ತದೆಯೇ? ಬ್ರೆಜಿಲ್‌ನ ಬಹಿಯಾದಲ್ಲಿ ಕಾಡಿನ ದೊಡ್ಡ ಮರಗಳನ್ನು ಉಳಿಸಿಕೊಂಡು ಅಡಿಯಲ್ಲಿ ಕೋಕೋ ಬೆಳೆಯುವ ‘ಕಬ್ರೂಕಾ’ ಪದ್ಧತಿ ಇದೆ. 1989ರಲ್ಲಿ ಅಲ್ಲಿಗೆ ‘ಮಾಟಗಾತಿ ಪೊರಕೆ’ ಎಂಬ ಶಿಲೀಂಧ್ರ ರೋಗ ಬಂದು ಕೋಕೋ ನೆಲ ಕಚ್ಚಿತು. ಸಾಲ ತೀರಿಸಲು ಎಷ್ಟೋ ತೋಟಗಳವರು ಮಾರಿದ್ದು ಆ ಮರಗಳನ್ನೇ. ಅಂದ ಮೇಲೆ ಕ್ರೆಡಿಟ್ ಹಣ ಕೋಕೋಗೆ ಸಬ್ಸಿಡಿಯಾಗಬಾರದು. ನಿಂತಿರುವ ಮರಕ್ಕೆ, ನಿಂತಷ್ಟು ವರ್ಷ, ರೈತನ ಕೈಗೆ ಸಲ್ಲಬೇಕು.

ಎಲೆಮರೆ: ತಡವಾಗಿ ಬಂದೆ, ಒಂದೇ ಮಾತು. ನೆರಳುಮರ ಕಡಿದರೆ ಇಳುವರಿ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ. ಕೋಕೋ ಹೂವಿಗೆ ಪರಾಗ ತರುವುದು ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಸಣ್ಣ ಹಾರುವ ನುಸಿಗಳು. ಅವು ಮರಿ ಮಾಡುವುದು ಒದ್ದೆ ತರಗೆಲೆಯಲ್ಲಿ, ಕೊಳೆತ ಕೋಕೋ ಸಿಪ್ಪೆಯಲ್ಲಿ. ಬಿಸಿಲಿಗೆ ತೆರೆದು ಗುಡಿಸಿಟ್ಟ ತೋಟದಲ್ಲಿ ಅವುಗಳಿಗೆ ಜಾಗವೆಲ್ಲಿ? ಹಾಗೆಂದು ನೆರಳು ಅತಿಯಾದರೆ ಕಾಯಿಕೊಳೆ ರೋಗ ಬಿಡುವುದಿಲ್ಲ.

ಬೀಜದಬುಟ್ಟಿ: ನೆರಳು ಅವರ ಮಾತು ಒಪ್ಪಿದೆ. ಆದರೆ ಮರ ನಿಲ್ಲಿಸಿಕೊಂಡವನಿಗೆ ವರ್ಷವರ್ಷವೂ ಹಣ ಕೊಡುವವರು ಯಾರು? ಕ್ರೆಡಿಟ್ ಕೊಂಡ ಕಂಪನಿ ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಲೆಕ್ಕಿಗ: ಬೆಂಕಿ ಬಿದ್ದರೆ, ಮರ ಸತ್ತರೆ ಎಂದು ಒಂದಷ್ಟು ಕ್ರೆಡಿಟ್‌ಗಳನ್ನು ಮಾರದೆ ಮೀಸಲಿಡುವ ವ್ಯವಸ್ಥೆ ಈಗಲೇ ಇದೆ. ರೈತನ ಪಾಲಿಗೂ ಹಾಗೊಂದು ಮೀಸಲು ನಿಧಿ ಇಟ್ಟು, ಅದರಿಂದ ಕಂತಿನಲ್ಲಿ ಕೊಡಬಹುದು. ತಾಂತ್ರಿಕವಾಗಿ ಕಷ್ಟವೇನಲ್ಲ. ಕ್ರೆಡಿಟ್ ಬೆಲೆ ಏರುತ್ತದೆ, ಅಷ್ಟೇ.

ಅಡ್ಡಮಾತು: ಬೆಲೆ ಏರಿದರೆ ಕಂಪನಿಗಳವರು ಇನ್ನೆಲ್ಲೋ ಅಗ್ಗದ ಪೊಳ್ಳು ಕ್ರೆಡಿಟ್ ಕೊಳ್ಳುತ್ತಾರೆ. ಆದರೂ ಈ ರೂಪದಲ್ಲಿ ಬಂದರೆ ನನ್ನ ವಿರೋಧ ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧ ಜಮೀನಿನ ಕಾಗದದ ಬಗ್ಗೆ. ಅಮೆಜಾನ್‌ನಲ್ಲಿ ಯಾರ ನೆಲ ಯಾರದ್ದು ಎಂಬ ವ್ಯಾಜ್ಯ ಹಳೆಯದು. ಹತ್ತಾರು ವರ್ಷಗಳ ಕರಾರಿಗೆ ಸಹಿ ಹಾಕುವವನ ಹೆಸರಿನಲ್ಲಿ ಆ ಜಮೀನು ನಿಜವಾಗಿ ಇದೆಯೇ ಎಂದು ಯಾರು ನೋಡುತ್ತಾರೆ? ಬೀಜದಬುಟ್ಟಿ ಅವರೇ, ನೀವು ಹೊಗಳಿದ ಯೋಜನೆಗಳಲ್ಲಿ ಇದಕ್ಕೆ ಉತ್ತರವಿದ್ದರೆ ಇಲ್ಲಿ ಹಾಕಿ, ಓದುತ್ತೇನೆ.