1.8 ವೋಲ್ಟ್ ಪ್ರೊಸೆಸರ್‌ಗೆ 3.3 ವೋಲ್ಟ್ ಡಿವಿಐ ಚಿಪ್ ನೇರ ಜೋಡಿಸಬಹುದಾ?

ಪ್ರಶ್ನೆ: ಮೇಡಂ, ಲ್ಯಾಬಿನಲ್ಲಿ ಓಮ್ಯಾಪ್3530 ಪ್ರೊಸೆಸರ್ ಇರುವ ಹಳೆಯ ಮಾಡ್ಯೂಲ್ ಒಂದಿದೆ. ಅದರ ಡಿಸ್‌ಪ್ಲೇ ಪಿನ್‌ಗಳು 1.8 ವೋಲ್ಟ್. ಮಾನಿಟರ್‌ಗೆ ಜೋಡಿಸಲು ಟಿಐ ಕಂಪನಿಯ ಟಿಎಫ್‌ಪಿ410 ಎಂಬ ಡಿವಿಐ (ಮಾನಿಟರ್‌ಗೆ ಡಿಜಿಟಲ್ ಚಿತ್ರ ಕಳಿಸುವ) ಚಿಪ್ ಹಾಕೋಣ ಅಂತಿದ್ದೇನೆ. ಅದರ ಸಪ್ಲೈ 3.3 ವೋಲ್ಟ್. ನೇರ ಜೋಡಿಸಿದರೆ ಪ್ರೊಸೆಸರ್ ಸುಟ್ಟುಹೋಗುತ್ತಾ? ಎಲ್ಲ ಲೈನಿಗೂ ಲೆವೆಲ್ ಶಿಫ್ಟರ್ (ಸಿಗ್ನಲ್‌ನ ವೋಲ್ಟೇಜ್ ಬದಲಿಸುವ ಚಿಪ್) ಬೇಕಾ?

ಉತ್ತರ: ಚಿತ್ರದ ಡೇಟಾ ಸಾಗಿಸುವ ಪಿಕ್ಸೆಲ್ ಲೈನ್‌ಗಳಲ್ಲಿ ಸುಡುವ ಭಯ ಕಡಿಮೆ. ಅಲ್ಲಿ ಸಿಗ್ನಲ್ ಹೋಗುವುದು ಪ್ರೊಸೆಸರ್‌ನಿಂದ ಚಿಪ್ಪಿಗೆ ಮಾತ್ರ. ನೀವು ಕೇಳಬೇಕಾದ್ದು, ಪ್ರೊಸೆಸರ್ ಕಳಿಸಿದ 1 ಅನ್ನು ಚಿಪ್ 1 ಅಂತಲೇ ಓದುತ್ತಾ ಅಂತ. ಸಪ್ಲೈ ವೋಲ್ಟೇಜ್ ನೋಡಿದರೆ ಅದು ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಸಾಮಾನ್ಯ 1.8 ವೋಲ್ಟ್ ಸಿಮಾಸ್ ಔಟ್‌ಪುಟ್ ಲೋಡ್ ಇದ್ದಾಗ 1.35ಕ್ಕಿಂತ ಕೆಳಗೆ ಇಳಿಯುವುದಿಲ್ಲ, 0 ಕಳಿಸಿದಾಗ 0.45 ದಾಟುವುದಿಲ್ಲ. ಟಿಎಫ್‌ಪಿ410 ತನ್ನ 3.3 ವೋಲ್ಟ್ ಮೋಡಿನಲ್ಲಿ 1 ಅಂತ ಒಪ್ಪಲು ಸಪ್ಲೈನ ಶೇಕಡಾ 70, ಅಂದರೆ 2.31 ವೋಲ್ಟ್ ಬೇಕು. ಹಾಗಾಗಿ ಹೊಂದುವುದಿಲ್ಲ. ಕಿರಿಕಿರಿ ಏನೆಂದರೆ, ಟೇಬಲ್ ಮೇಲೆ ಕೆಲವೊಮ್ಮೆ ಚಿತ್ರ ಬಂದೇಬಿಡುತ್ತದೆ. ಬೋರ್ಡ್ ಬಿಸಿಯಾದ ಮೇಲೆ ಪರದೆ ತುಂಬ ಚುಕ್ಕಿ!

ಆದರೆ ಈ ಚಿಪ್ಪಿನಲ್ಲಿ ವಿ-ರೆಫ್ ಅಂತ ಒಂದು ಪಿನ್ ಇದೆ, 1 ಯಾವುದು 0 ಯಾವುದು ಅಂತ ಅಳೆಯುವ ವೋಲ್ಟೇಜ್ ಅದಕ್ಕೆ ಕೊಡಬೇಕು. ಅದನ್ನು 3.3ಕ್ಕೆ ಕಟ್ಟಿದರೆ ಮೇಲೆ ಹೇಳಿದ 3.3 ವೋಲ್ಟ್ ಮೋಡ್. ಸಿಗ್ನಲ್‌ನ ಅರ್ಧ, ಅಂದರೆ ನಿಮಗೆ 0.9 ವೋಲ್ಟ್ ಕೊಟ್ಟರೆ, 1.1ರ ಮೇಲೆ 1, 0.7ರ ಕೆಳಗೆ 0. ಎರಡೂ ಕಡೆ 0.25 ವೋಲ್ಟ್ ಉಳಿಯುತ್ತದೆ, ಸಾಕು. 1.8 ವೋಲ್ಟನ್ನು ಅರ್ಧ ಮಾಡಲು ಒಂದೇ ಓಮ್ ಮೌಲ್ಯದ ಎರಡು ರೆಸಿಸ್ಟರ್ ಮತ್ತು ಪಿನ್ನಿನ ಹತ್ತಿರ ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಆಯ್ತು. ಆ 1.8 ವೋಲ್ಟನ್ನು ಪ್ರೊಸೆಸರ್‌ನ ಡಿಸ್‌ಪ್ಲೇ ಪಿನ್‌ಗಳಿಗೆ ಕೊಡುವ ಸಪ್ಲೈ ಲೈನಿನಿಂದಲೇ (ರೈಲು) ತೆಗೆದುಕೊಳ್ಳಿ. ರೈಲು ಸ್ವಲ್ಪ ಏರಿಳಿದರೆ ವಿ-ರೆಫ್ ಕೂಡ ಜೊತೆಗೇ ಏರಿಳಿಯುತ್ತದೆ. 2008ರ ಬೀಗಲ್‌ಬೋರ್ಡ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ನಲ್ಲೂ ಈ ಪ್ರೊಸೆಸರ್ ಮತ್ತು ಚಿಪ್ಪಿನ ಜೋಡಿಯೇ ಇತ್ತು. ಅದರ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಎಲ್ಲರಿಗೂ ಸಿಗುತ್ತದೆ, ಒಮ್ಮೆ ತೆರೆದು ನೋಡಿ.

ವಿ-ರೆಫ್ ಅನ್ವಯಿಸುವುದು ಡೇಟಾ, ಡಿಇ (ಡೇಟಾ ಎನೇಬಲ್), ಸಿಂಕ್, ಕ್ಲಾಕ್ ಲೈನ್‌ಗಳಿಗೆ ಮಾತ್ರ. ಉಳಿದ ಕಂಟ್ರೋಲ್ ಪಿನ್‌ಗಳನ್ನು ಬೇರೆಯಾಗಿ ಪರೀಕ್ಷಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಆದರೂ ಲೆವೆಲ್ ಶಿಫ್ಟರ್ ಹಾಕಿದರೆ ಸೇಫ್ ಅಲ್ವಾ?

ಉತ್ತರ: ಪಿಕ್ಸೆಲ್ ಲೈನ್‌ಗಳಿಗೆ ಬೇಡ. 24 ಡೇಟಾ ಲೈನ್‌ಗಳು ಒಂದೇ ಹೊತ್ತಿಗೆ ತಲುಪಬೇಕು. ಈ ಚಿಪ್ 165 ಮೆಗಾಹರ್ಟ್ಸ್ ತನಕ ಓಡುತ್ತದೆ. ಆ ವೇಗದಲ್ಲಿ ಶಿಫ್ಟರ್‌ಗಳ ಸಣ್ಣ ವಿಳಂಬವೂ ಲೈನಿಂದ ಲೈನಿಗೆ ಬೇರೆಯಾಗಿ ಕಾಟ ಕೊಡುತ್ತದೆ. ಟಿಎಕ್ಸ್‌ಎಸ್0102 ಥರದ ಶಿಫ್ಟರ್ ಅಂತೂ ಸೆಕೆಂಡಿಗೆ 24 ಮೆಗಾಬಿಟ್‌ಗೇ ಸುಸ್ತು.

ಅದೇ ಶಿಫ್ಟರ್ ಬೇಕಾಗುವುದು ಮಾನಿಟರ್ ಕನೆಕ್ಟರ್ ಕಡೆ. ಮಾನಿಟರ್‌ನ ವಿವರ ಓದುವ ಡಿಡಿಸಿ ಲೈನ್‌ಗಳು 5 ವೋಲ್ಟ್. ಅವನ್ನು ನೇರ ಓಮ್ಯಾಪ್‌ಗೆ ಕೊಟ್ಟರೆ ಮಾತ್ರ ನಿಮ್ಮ ಮೊದಲ ಭಯ ನಿಜವಾಗುತ್ತದೆ. ಮಾನಿಟರ್ ಜೋಡಿಸಿದ್ದನ್ನು ತಿಳಿಸುವ ಹಾಟ್‌ಪ್ಲಗ್ ಲೈನಿಗೂ ಇದೇ ಮಾತು.